ಮಾವನ ಮನೆಯಲ್ಲಿ ಮುಗಿಯದ ಸಮ್ಮರ್

ಕಳೆದ ವರ್ಷ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೆಲ್ಲ ಬೇಸಿಗೆ ಮುಗಿದು, ಮಳೆ ಹುಯ್ದು, ರಾಗಿ ಕೊಯ್ಲಾಗಿ, ಜನ ಪೆಟ್ಟಿಗೆಯ ತಳದಿಂದ ಸ್ವೆಟರ್ ಎಳೆದುಕೊಂಡರೂ ತೂಬಗೆರೆಯ ಒಂದೇ ಒಂದು ಮನೆಯಲ್ಲಿ ಮಾತ್ರ ಸಮ್ಮರ್ ಮುಗಿದಿರಲಿಲ್ಲ ಅಂದರೆ ನಂಬುತ್ತೀರಾ? ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಅದು ನನ್ನ ಸೋದರಮಾವನ ಮನೆ. ಅಲ್ಲಿ ಏನು ಬೇಕಾದರೂ ಆಗುತ್ತದೆ!

ಮಾವ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದವರು. ಬೆಳಗ್ಗೆ ಸಂಜೆ ಊರವರು ತಂದ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಅದ್ದಿ ಅದ್ದಿ, ಕೊನೆಗೆ ಜನರ ಮಾತಿಗೂ ಅದ್ದುವ ಅಭ್ಯಾಸ ಬಿದ್ದುಹೋಯಿತು. ಯಾರು ಏನು ಹೇಳಿದರೂ ಅದರಲ್ಲಿ ನೀರೆಷ್ಟಿದೆ ನೋಡದೆ ಬಿಡುವವರಲ್ಲ. ನನ್ನ ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು, 'ಹುಡುಗ ಒಳ್ಳೆಯವನು' ಅಂದಾಗ ಎಲ್ಲರೂ ತಲೆಯಾಡಿಸಿದರೆ ಇವರು ಮಾತ್ರ, 'ಒಳ್ಳೆಯವನು ಅಂದ್ರೆ ಏನು? ಯಾವ ಹೊತ್ತಲ್ಲಿ?' ಅಂದುಬಿಟ್ಟರು. ಪಾಪ, ಹುಡುಗನ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದರು. ನನಗೆ ಮದುವೆಯಾಗಿ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ, ಆ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಇಂಥವರ ಕೈಗೆ ಒಂದು ಇಂಗ್ಲಿಷ್ ಪದ ಸಿಕ್ಕಿತು. ಸಿಕ್ಕಿದ್ದು ಹೇಗೆ ಅಂದರೆ, ಅವರ ಹೆಂಡತಿ, ಅಂದರೆ ನನ್ನ ಅತ್ತೆಯ ಕಣ್ಣಿನಿಂದ.

ಅತ್ತೆಗೆ ಎರಡು ವರ್ಷದಿಂದ ಕಣ್ಣು ಮಂಜಾಗುತ್ತಾ ಬಂದಿತ್ತು. ಮೊದಮೊದಲು ನಾವೆಲ್ಲ ನಕ್ಕೆವು, ಅವರೂ ನಕ್ಕರು. ಒಂದು ಸಲ ಹಿತ್ತಲಲ್ಲಿ ಹಗ್ಗದ ಮೇಲೆ ಒಣಹಾಕಿದ್ದ ಮಾವನ ಷರಟು ಪಂಚೆ ನೋಡಿ, 'ಊಟಕ್ಕೆ ಬರ್ರೀ, ಆರೋಗುತ್ತೆ' ಅಂತ ಕರೆದರಂತೆ. ಷರಟು ಅಲ್ಲಾಡಿತೇ ಹೊರತು ಬರಲಿಲ್ಲ. 'ಕರೆದ ತಕ್ಷಣ ಯಾವತ್ತು ಬಂದಿದೀರಿ ನೀವು!' ಅಂತ ಬೈದು ಒಳಗೆ ಹೋದರಂತೆ. ಆದರೆ ಯುಗಾದಿಯ ಆಸುಪಾಸಿನಲ್ಲಿ ಒಂದು ದಿನ ಒಲೆಯಿಂದ ಪಾತ್ರೆ ಇಳಿಸುವಾಗ ಅಂದಾಜು ತಪ್ಪಿ, ಕುದಿಯುವ ಸಾರನ್ನು ಮುಂಗೈ ಮೇಲೆ ಚೆಲ್ಲಿಕೊಂಡರು. ಆಮೇಲೆ ಯಾರಿಗೂ ನಗು ಬರಲಿಲ್ಲ. ನಾನೇ ಇಬ್ಬರನ್ನೂ ದೊಡ್ಡಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಗೆ ಜಾಸ್ತಿ, ಬೇಗ ಆಪರೇಷನ್ ಮಾಡಿಸಿಬಿಡಿ ಅಂದರು.

'ಬೇಸ್ಗೇಲಿ ಕಣ್ಣಿನ ಆಪರೇಷನ್ ಮಾಡ್ತಾರೇನಮ್ಮಾ?' ಅಂದರು ಮಾವ.

'ಈಗ ಹಾಗೇನಿಲ್ಲ ತಾತ. ವರ್ಷಪೂರ್ತಿ ಮಾಡ್ತೀವಿ.'

ಮಾವ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕೂತರು. ಡಾಕ್ಟರು ಸ್ವಲ್ಪ ಹೊತ್ತು ಅವರ ಮುಖ ನೋಡಿ ಅಂದರು, 'ಅಷ್ಟು ಭಯ ಇದ್ರೆ ಸಮ್ಮರ್ ಮುಗಿದ ತಕ್ಷಣ ಕರ್ಕೊಂಡು ಬನ್ನಿ. ಅದಕ್ಕಿಂತ ತಡ ಮಾಡ್ಬೇಡಿ. ಪೊರೆ ಗಟ್ಟಿಯಾಗ್ಬಿಟ್ರೆ ಆಮೇಲೆ ತೆಗೆಯೋದು ಕಷ್ಟ.'

ಸಮ್ಮರ್! ಆ ತಾಯಿ ಬೇಸಿಗೆ ಅಂದಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಜೂನ್ ಬಂತು, ಮಳೆ ಬಂತು, ಶಾಲೆ ಶುರುವಾಯಿತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಪಾಠದ ಗಲಾಟೆಯ ನಡುವೆಯೂ ಒಂದು ಭಾನುವಾರ ಬಿಡುವು ಮಾಡಿಕೊಂಡು ತೂಬಗೆರೆಗೆ ಹೋದೆ. ಮಾವ ಜಗುಲಿಯ ಮೇಲೆ ಕೂತಿದ್ದರು. ಎದುರಿಗೆ ಜಿಟಿಜಿಟಿ ಮಳೆ.

'ಮಾವ, ಬೇಸಿಗೆ ಮುಗೀತು. ಡಾಕ್ಟರಿಗೆ ಫೋನ್ ಮಾಡ್ಲಾ?'

'ಬೇಸ್ಗೆ ಮುಗೀತು, ಯಾರು ಇಲ್ಲ ಅಂದ್ರು? ಡಾಕ್ಟ್ರಮ್ಮ ಹೇಳಿದ್ದು ಬೇಸ್ಗೆ ಅಂತಲ್ಲ. ಸಮ್ಮರ್ ಅಂತ.'

'ಎರಡೂ ಒಂದೇ ಅಲ್ವಾ?'

'ಒಂದೇ ಅಂತ ಹೆಂಗೆ ಹೇಳ್ತೀಯ? ಅದು ಇಂಗ್ಲಿಷ್ನೋರ ದೇಶದ ಮಾತು. ಅವರ ಊರ ಬಿಸಿಲು ಬೇರೆ, ನಮ್ಮೂರ ಬಿಸಿಲು ಬೇರೆ. ಆ ಪದ ಎಲ್ಲಿಂದ ಬಂತು, ಏನಂತ ಅರ್ಥ, ಎಲ್ಲಿಂದ ಎಲ್ಲೀವರೆಗೆ? ನೀನು ಇಂಗ್ಲಿಷ್ ಮೇಡಮ್ಮು, ಹೇಳವ್ವ ನೋಡೋಣ.'

ಎಷ್ಟು ವರ್ಷದಿಂದ ಮಕ್ಕಳಿಗೆ ಆ ಪದದ ಸ್ಪೆಲ್ಲಿಂಗ್ ಬರೆಸುತ್ತಿದ್ದೇನೆ, ರಜೆಯ ಮೇಲೆ ಪ್ರಬಂಧ ಬರೆಸಿ ಕೆಂಪು ಶಾಯಿಯಲ್ಲಿ ಗೀಚಿದ್ದೇನೆ! ಅದು ಎಲ್ಲಿಂದ ಬಂತು ಅಂತ ಒಂದು ದಿನ ಕೇಳಿಕೊಂಡವಳಲ್ಲ. ಬಂದ ನೆಂಟರಿಗೆ ಯಾವ ಊರು ಅಂತ ಕೇಳದೆ ಊಟ ಹಾಕುತ್ತಲೇ ಇದ್ದ ಹಾಗೆ.

'ಹೋಗ್ಲಿ, ನಮ್ಮ ಲೆಕ್ಕಾನೇ ನೋಡು' ಅಂತ ಮಾವ ಗೋಡೆಯ ಪಂಚಾಂಗ ಕಿತ್ತು ತಂದರು. 'ಬಿಸಿಲು ನೆತ್ತಿ ಸುಡ್ತಿತ್ತಲ್ಲ, ಆಗ ಏನಿತ್ತು? ನೋಡಿಲ್ಲಿ, ಅಶ್ವಿನಿ ಮಳೆ. ಆಮೇಲೆ? ಭರಣಿ ಮಳೆ. ಆಮೇಲೆ ಕೃತ್ತಿಕೆ ಮಳೆ. ರೋಹಿಣಿ ಮಳೆ. ಒಂದು ಹನಿ ಬೀಳದಿದ್ರೂ ನಾವು ಅದನ್ನ ಮಳೆ ಅಂತಾನೇ ಕರೆದಿದ್ದು. ನಮ್ಮಪ್ಪ, ನಮ್ಮ ತಾತ ಎಲ್ಲ ಮಳೆ ಹೆಸರಲ್ಲೇ ದಿನ ಎಣಿಸಿದ್ದು. ಇದ್ರಲ್ಲಿ ನಿನ್ನ ಸಮ್ಮರ್ ಎಲ್ಲೈತೆ ತೋರ್ಸು. ಇಲ್ದೇ ಇರೋದು ಮುಗಿಯೋದು ಹೆಂಗೆ?'

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವರು, 'ಕಾಫಿ ಕುಡ್ದು ಹೋಗವ್ವ, ಇದು ಇವತ್ತಿಗೆ ಮುಗಿಯೋ ಕತೆ ಅಲ್ಲ' ಅಂದರು. ಕಾಫಿಗೆ ಉಪ್ಪು ಬಿದ್ದಿತ್ತು. ನಾನು ಪೂರ್ತಿ ಕುಡಿದೆ.

ಇಲ್ಲಿ ನಮ್ಮಮ್ಮನ ತವರಿನ ಒಂದು ಪದ್ಧತಿ ಹೇಳಬೇಕು. ಶಿವರಾತ್ರಿ ಕಳೆದ ಕೂಡಲೇ ನಡುಮನೆಯ ಮೂಲೆಯಲ್ಲಿ ಒದ್ದೆ ಮರಳು ಹಾಸಿ ಕುಡಿಯುವ ನೀರಿನ ಮಣ್ಣಿನ ಮಡಕೆ ಇಡುತ್ತಾರೆ. ಮುಂಗಾರು ಹಿಡಿದ ಮೇಲೆ ಒಂದು ದಿನ ಮನೆಯ ಹಿರಿಯ ಹೆಂಗಸು ಅದರ ನೀರನ್ನು ಗಿಡಕ್ಕೆ ಚೆಲ್ಲಿ, ಮಡಕೆಯನ್ನು ಬೋರಲು ಹಾಕುತ್ತಾಳೆ. ಅಲ್ಲಿಗೆ ಆ ಮನೆಯ ಬೇಸಿಗೆ ಮುಗಿಯಿತು. ಹೊರಗೆ ಎಷ್ಟೇ ಬಿಸಿಲಿರಲಿ, ಆಮೇಲೆ ಯಾರೂ ಸೆಕೆ ಅನ್ನುವ ಹಾಗಿಲ್ಲ! ನನ್ನ ಅಜ್ಜಿ, ಅಂದರೆ ಮಾವನ ತಾಯಿ, ಇರುವ ತನಕ ಅವರು ಹಾಕುತ್ತಿದ್ದರು. ಆಮೇಲೆ ಅತ್ತೆ. ಈ ಸಲ ಮಾವ, 'ನಿಂಗೆ ಕಣ್ಣು ಕಾಣಲ್ಲ, ಎಡವಿಬಿಡ್ತೀಯ, ಮಡಕೆ ಹತ್ರ ಬರಬೇಡ' ಅಂತ ಆ ಅಧಿಕಾರವನ್ನು ತಾವೇ ವಹಿಸಿಕೊಂಡುಬಿಟ್ಟಿದ್ದರು. ವಹಿಸಿಕೊಂಡವರು ಬೋರಲು ಹಾಕಿದರಾ? ಇಲ್ಲ. ದಿನಾ ಬೆಳಗ್ಗೆ ತಾವೇ ತೊಳೆದು ತುಂಬುತ್ತಿದ್ದರು.

ಗೌರಿ ಹಬ್ಬಕ್ಕೆ ಹೋದಾಗ ನಾನು ಕಣ್ಣಾರೆ ಕಂಡೆ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಮಾವ ಸ್ವೆಟರ್ ಹಾಕಿ, ಕಿವಿ ಮುಚ್ಚುವ ಮಂಕಿ ಟೋಪಿ ಹಾಕಿ, ಮೇಲೊಂದು ಶಾಲು ಹೊದ್ದು, ಮೂಲೆಯ ಮಡಕೆಯಿಂದ ತಣ್ಣನೆ ನೀರು ಮೊಗೆದು ಗಟಗಟ ಕುಡಿದರು. ಕುಡಿದ ಮೇಲೆ ಮನೆಯ ಹೆಂಚು ಹಾರಿಹೋಗುವ ಹಾಗೆ ಸೀನಿದರು.

'ಯಾಕ್ ಮಾವ ಈ ಶಿಕ್ಷೆ?'

'ಏನವ್ವ ಮಾಡೋದು' ಅಂದರು ಮೂಗು ಒರೆಸಿಕೊಳ್ಳುತ್ತಾ, 'ಸೆಕೆ!'

ಹೇಳಿ, ಇಂಥವರ ಜೊತೆ ಏನು ಮಾತಾಡುವುದು? ನನಗೆ ಕೋಪ ಬಂತು, ಕೋಪದ ಹಿಂದೆಯೇ ನಗು ಬಂತು, ಆಮೇಲೆ ಎರಡರಲ್ಲಿ ಯಾವುದು ಮುಂದೆ ಯಾವುದು ಹಿಂದೆ ತಿಳಿಯದೆ ಎದ್ದು ಅಡುಗೆಮನೆಗೆ ಹೋದೆ.

ನನ್ನ ಮಾತು ಕೇಳದಿದ್ದರೆ ಅವರ ಗೆಳೆಯರ ಮಾತಾದರೂ ಕೇಳಲಿ ಅಂತ ಒಂದು ದಿನ ಮಾವನನ್ನು ಬಸ್ಸು ಹತ್ತಿಸಿಕೊಂಡು ಹೊಸಕೋಟೆಗೆ ಹೋದೆ. ಅಲ್ಲಿ ಅವರ ಹಳೆಯ ದೋಸ್ತ್ ಒಬ್ಬ ಸಾಬರಿದ್ದಾರೆ. ಫ್ಯಾನು, ಕೂಲರು ರಿಪೇರಿ ಅಂಗಡಿ. ಮಾವ ಹೋಗಿ ಕೂತವರೇ ಕೇಳಿದ್ದು, 'ಭಾಯ್, ಸಮ್ಮರ್ ಅಂದ್ರೆ ಏನು?'

ಸಾಬರು ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. 'ಕ್ಯಾ ರೇ, ತಬಿಯತ್ ಠೀಕಾ? ಸಮ್ಮರ್ ಅಂದ್ರೆ ಗರ್ಮಿ. ಜನ ಫ್ಯಾನ್ ಹೊತ್ಕೊಂಡು ಬಂದ್ರೆ ಸಮ್ಮರ್, ನಾನಿಲ್ಲಿ ನೊಣ ಹೊಡೀತಾ ಕೂತಿದ್ರೆ ಸಮ್ಮರ್ ಇಲ್ಲ. ಈಗ ನೊಣ ಹೊಡೀತಾ ಇದೀನಿ, ನೋಡ್ಕೋ.'

ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಒಬ್ಬ ಹೆಂಗಸು ಟೇಬಲ್ ಫ್ಯಾನು ತಬ್ಬಿಕೊಂಡು ಬಂದಳು. ಸೊಳ್ಳೆ ಕಾಟ ಅಂತೆ, ರಾತ್ರಿಯೆಲ್ಲ ತಿರುಗಬೇಕಂತೆ. ಮಾವ ವಿಜಯದ ನಗೆ ನಕ್ಕು ನನ್ನ ಕಡೆ ತಿರುಗಿದರು. ಆ ತಾಯಿಗೆ ಅವತ್ತೇ ಬರಬೇಕಾಗಿತ್ತೇ!

ಸಾಬರಿಗೆ ನಾನು ವಿಷಯ ಬಿಡಿಸಿ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. 'ಅರೆ, ಇದಕ್ಕಾ? ನಂದು ಎರಡೂ ಕಣ್ಣು ಮೇ ತಿಂಗಳಲ್ಲೇ ಆಯ್ತು ಕಣಪ್ಪ. ಮನೆಗೆ ಬಂದು ಬಿರ್ಯಾನಿ ಉಂಡೆ. ಈಗ ನೋಡು, ಸೂಜಿಗೆ ದಾರ ನಾನೇ ಪೋಣಿಸ್ತೀನಿ. ಭಾಭಿನ ಕರ್ಕೊಂಡೋಗು, ಸುಮ್ಕಿರು.'

ಇದಕ್ಕೂ ಮಾವ ಏನಾದರೊಂದು ತಕರಾರು ತೆಗೆಯುತ್ತಾರೆ ಅಂತ ಕಾದೆ. ತೆಗೆಯಲಿಲ್ಲ. ಟೀ ಲೋಟ ಕೆಳಗಿಟ್ಟು, 'ಬಸ್ಸಿಗೆ ಹೊತ್ತಾಯ್ತು' ಅಂತ ಎದ್ದುಬಿಟ್ಟರು. ದೇವನಹಳ್ಳಿ ದಾಟುವ ತನಕ ಒಂದು ಮಾತಿಲ್ಲ. ನನಗೆ ಇನ್ನೂ ಗೊಂದಲವಾಯಿತು. ವಾದ ಮಾಡುವ ಮಾವನನ್ನು ನಾನು ಬಲ್ಲೆ, ಸುಮ್ಮನೆ ಕಿಟಕಿ ನೋಡುವ ಮಾವನನ್ನು ಎಂದೂ ಕಂಡಿರಲಿಲ್ಲ.

ಸರಿ, ಇವರಿಗೆ ಅರ್ಥ ಬೇಕು ತಾನೇ, ಅರ್ಥವನ್ನೇ ತಂದು ಮುಖದ ಮೇಲೆ ಹಾಕುತ್ತೇನೆ ಅಂತ ಹಟ ಹಿಡಿದೆ. ಶಾಲೆಯ ಲೈಬ್ರರಿಯ ಬೀರುವಿನ ಮೇಲೆ ಒಂದು ದಪ್ಪ ನಿಘಂಟು ಮಲಗಿತ್ತು. ಧೂಳು ಹೊಡೆದು ಇಳಿಸಿದೆ. ಫೋನಿನಲ್ಲೂ ಹುಡುಕಿದೆ. ಹುಡುಕಿದಷ್ಟೂ ತಲೆ ತಿರುಗಿತು. ಹಳೆಯ ಇಂಗ್ಲಿಷಿನಲ್ಲಿ ಅದು ಸುಮೊರ್ ಅಂತಿತ್ತಂತೆ. ಜರ್ಮನ್ ಭಾಷೆಯಲ್ಲೂ ಅದರ ದಾಯಾದಿಯೊಬ್ಬ ಇದ್ದಾನೆ. ಆ ಕಾಲದ ಜನರಿಗೆ ವರ್ಷಕ್ಕೆ ಎರಡೇ ಭಾಗವಂತೆ, ಒಂದು ಸಮ್ಮರ್, ಇನ್ನೊಂದು ಚಳಿಗಾಲ. ಇನ್ನೂ ಹಿಂದೆ ಹೋದರೆ ಅದು ಯಾರ ನೆಂಟ ಗೊತ್ತೇ? ನಮ್ಮ ಸಂಸ್ಕೃತದ 'ಸಮಾ' ಎಂಬ ಪದದ್ದು! ಅದಕ್ಕೆ ಋತು ಅಂತಲೂ ಅರ್ಥ, ಅರ್ಧ ವರ್ಷ ಅಂತಲೂ ಅರ್ಥ, ಒಂದು ವರ್ಷ ಅಂತಲೂ ಅರ್ಥ. ಹಾಗಾದರೆ ಎಲ್ಲಕ್ಕೂ ಮೊದಲಿನ ಅರ್ಥ? ಅದು ಪಂಡಿತರಿಗೂ ಖಚಿತವಾಗಿ ಗೊತ್ತಿಲ್ಲವಂತೆ. ಬಿಸಿಲಿನ ಮಾತೇ ಎಲ್ಲೂ ಕಾಣಲಿಲ್ಲ! ಸುಡುವ ಕಾಲದ ಹೆಸರಿನಲ್ಲಿ ಸುಡುವುದೇ ಇಲ್ಲ ಅಂದರೆ ನಾನು ಇಷ್ಟು ವರ್ಷ ಹೇಳಿಕೊಟ್ಟಿದ್ದೇನು?

ಆದರೂ ಗೆದ್ದವಳ ಹಾಗೆ ಹೋಗಿ ಎಲ್ಲವನ್ನೂ ಮಾವನ ಮುಂದೆ ಒಪ್ಪಿಸಿದೆ. ಮಾವ ಕಣ್ಣು ಮುಚ್ಚಿ ಕೇಳಿದರು. ಎಂದೂ ಇಲ್ಲದ ಹಾಗೆ ಒಂದೇ ಒಂದು ಪ್ರಶ್ನೆ ಕೇಳದೆ ಒಪ್ಪಿಕೊಂಡರು.

'ಒಂದು ವರ್ಷ ಅಂತ ಅರ್ಥ ಐತೆ ಅಂದ್ಯಲ್ಲ?'

'ಹೂಂ... ಸಂಸ್ಕೃತದ ಕಡೆಯಿಂದ.'

'ಹಂಗಾರೆ ಬರೋ ಯುಗಾದಿವರೆಗೂ ಟೈಮೈತೆ!'

ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಅದು ಸಾಲದೆಂದು ಮಾವ ದೇವಸ್ಥಾನದ ಅರ್ಚಕರನ್ನು ಬೇರೆ ಕೇಳಿ ಬಂದರು. ಅವರೂ, 'ಹೌದು ಯಜಮಾನರೇ, ಸಮಾ ಅಂದರೆ ವರ್ಷ' ಅಂದುಬಿಟ್ಟರು. ಕೈಯಾರೆ ಕೊಡಲಿ ತಂದುಕೊಟ್ಟಿದ್ದೆ ನಾನು. ಅವತ್ತು ಸಿಟ್ಟಿನಲ್ಲಿ ಹೇಳದೆ ಕೇಳದೆ ಬಸ್ಸು ಹತ್ತಿ ಬಂದೆ.

ಆಮೇಲೆ ಹೋದದ್ದು ಅವರೆಕಾಯಿ ಕಾಲಕ್ಕೆ. ಬೆಳಗಿನ ಮಂಜು ಇನ್ನೂ ಹೊಲದ ಮೇಲಿತ್ತು. ಹಿಂದಿನ ದಿನ ಡಾಕ್ಟರಿಗೆ ಫೋನ್ ಮಾಡಿದ್ದೆ. ಇನ್ನು ಕಾಯಬೇಡಿ, ಬಲಗಣ್ಣು ಕೈತಪ್ಪಿ ಹೋಗುತ್ತೆ ಅಂತ ಅವರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ನಡುಮನೆಯ ಮೂಲೆಯಲ್ಲಿ ಮಡಕೆ ಹಾಗೇ ಇತ್ತು, ತುಂಬಿತ್ತು.

ನಾನು ರೇಗಿಬಿಟ್ಟೆ. 'ಅತ್ತೆ, ಇದು ತಮಾಷೆ ಅಲ್ಲ. ಮಾವನಿಗೆ ತಿಕ್ಕಲು, ಸರಿ. ನಿನಗೇನಾಗಿದೆ? ನಿನ್ನ ಕಣ್ಣು ಹೋಗುತ್ತೆ!'

ಅತ್ತೆ ಬೆರಳು ನಿಲ್ಲಿಸಲಿಲ್ಲ. 'ನಿಮ್ಮಜ್ಜಿಗೆ ಒಂದು ಕಣ್ಣು ಕಾಣ್ತಿರಲಿಲ್ಲ. ಯಾಕೆ ಅಂತ ಗೊತ್ತೇನವ್ವ ನಿಂಗೆ?'

'ವಯಸ್ಸಾಗಿತ್ತಲ್ಲ.'

'ವಯಸ್ಸಲ್ಲ. ನಂಗೆ ಆಗ ಮದುವೆಯಾಗಿ ಹೊಸದು. ನಮ್ಮತ್ತೆಗೆ, ನಿಮ್ಮಜ್ಜಿಗೆ, ಪೊರೆ ಬಂತು. ಊರೋರೆಲ್ಲ ಬೇಸ್ಗೆ ಕಳೀಲಿ ಅಂದ್ರು. ನಿಮ್ಮಾವ ಕೇಳ್ತಾರಾ? ಬೇಸ್ಗೆಗೂ ಕಣ್ಣಿಗೂ ಏನು ಸಂಬಂಧ, ತೋರಿಸಿ ಅಂತ ಎಲ್ಲರ ಬಾಯಿ ಮುಚ್ಚಿಸಿ, ಸುಡೋ ಬಿಸಿಲಲ್ಲಿ ಬಸ್ಸಲ್ಲಿ ಕರ್ಕೊಂಡೋದ್ರು. ಆಪರೇಷನ್ ಆಯ್ತು. ಮನೆಗೆ ಬಂದ್ಮೇಲೆ ಕಣ್ಣು ಕೀವಾಯ್ತು, ಹೋಯ್ತು. ನಮ್ಮತ್ತೆ ಒಂದು ಮಾತು ಅನ್ನಲಿಲ್ಲ ಕಣವ್ವ ಮಗನಿಗೆ. ಬೈದಿದ್ರಾದ್ರೂ ಚೆನ್ನಾಗಿರ್ತಿತ್ತು.'

ಅಜ್ಜಿಯ ಮಡಿಲಲ್ಲಿ ಕೂತು ಆ ಮಸುಕು ಕಣ್ಣನ್ನು ಎಷ್ಟು ಸಲ ನೋಡಿದ್ದೆ!

'ಬಿಸಿಲು ಅಂದ್ರೆ ಅವತ್ತಿಂದ ಅವರಿಗೆ ಜೀವ ನಡುಗುತ್ತೆ. ಚಳಿಗಾಲದಲ್ಲಿ ಮಾಡಿಸ್ಬೋದು, ಅವರಿಗೂ ಗೊತ್ತು. ಆದ್ರೆ ಕರ್ಕೊಂಡೋಗೋರು ತಾವೇ ಅಲ್ವಾ, ಮತ್ತೆ ಹಂಗೇ ಆಗ್ಬಿಟ್ರೆ ಅಂತ ಭಯ. ಅದಕ್ಕೇ ಈ ಸಮ್ಮರ್ ಗಿಮ್ಮರ್ ಎಲ್ಲ. ನಾನೂ ಪಾಪ ಅಂತ ಬಿಟ್ಟೆ.' ಅತ್ತೆ ಕೈ ತೊಳೆದುಕೊಂಡರು. 'ಡಾಕ್ಟ್ರು ಇನ್ನು ಕಾಯಬೇಡಿ ಅಂದ್ರಾ?'

'ಅಂದ್ರು ಅತ್ತೆ.'

ಅವರು ಎದ್ದು, ಗೋಡೆ ಸವರಿಕೊಂಡು ನಡುಮನೆಗೆ ಹೋದರು. ನಾನು ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದರು. ಮೂಲೆ ಮುಟ್ಟಿ, ಬಗ್ಗಿ, ತುಂಬಿದ ಮಡಕೆಯನ್ನು ಸೊಂಟಕ್ಕೆ ಎತ್ತಿಕೊಂಡು, ಹಿತ್ತಲ ಬಾಗಿಲಲ್ಲಿ ನಿಂತು ಕರಿಬೇವಿನ ಗಿಡದ ಬುಡಕ್ಕೆ ನೀರೆಲ್ಲ ಸುರಿದರು. ನೀರಿನ ಸದ್ದಿಗೆ ಮಾವ ಜಗುಲಿಯಿಂದ ಓಡಿಬಂದರು. ಅತ್ತೆ ವಾಪಸು ಬಂದು ಮಡಕೆಯನ್ನು ಮರಳಿನ ಮೇಲೆ ಬೋರಲು ಹಾಕಿ, ಅದರ ಬೆನ್ನು ಒಂದು ಸಲ ತಟ್ಟಿದರು.

'ಏನೇ ಮಾಡ್ದೆ?'

'ಬೇಸ್ಗೆ ಮುಗೀತು. ನಡೀರಿ, ಷರಟು ಹಾಕ್ಕೊಳ್ಳಿ.'

'ಅಲ್ವೇ... ಸಮ್ಮರ್ ಅನ್ನೋದು...'

'ಅದು ಇವಳ ಸ್ಕೂಲಲ್ಲಿ. ಈ ಮನೇಲಿ ನಾನು ಮಡಕೆ ಬೋರಲು ಹಾಕಿದ್ರೆ ಮುಗೀತು. ಮುಗೀತೋ ಇಲ್ವೋ?'

ಎಲ್ಲರ ಮಾತಿಗೂ ಲ್ಯಾಕ್ಟೋಮೀಟರ್ ಅದ್ದಿದ ನಮ್ಮ ಮಾವ ಬೋರಲು ಬಿದ್ದ ಮಡಕೆಯನ್ನು ನೋಡುತ್ತಾ ನಿಂತರು. ತುಟಿ ಒಂದೆರಡು ಸಲ ಅಲ್ಲಾಡಿತು. ಪ್ರಶ್ನೆ ಬರಲಿಲ್ಲ. 'ನೀನು ಜೊತೇಲಿ ಬರ್ತೀಯೇನವ್ವ?' ಅಂತ ನನ್ನನ್ನು ಕೇಳಿದರು. ಕೇಳುತ್ತಲೇ ಷರಟು ಹುಡುಕಲು ಹೊರಟರು.

ಆ ವಾರವೇ ಬಲಗಣ್ಣಿನ ಆಪರೇಷನ್ ಆಯಿತು. ಒಳಗೆ ಅತ್ತೆ ಆರಾಮಾಗಿ ಮಲಗಿದ್ದರೆ ಹೊರಗೆ ಮಾವ ಬೆವರುತ್ತಿದ್ದರು, ಡಿಸೆಂಬರ್ ಚಳಿಯಲ್ಲಿ! ಮಾರನೆಯ ದಿನ ಪಟ್ಟಿ ಬಿಚ್ಚುವಾಗ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತುಬಿಟ್ಟರು. ಡಾಕ್ಟರು ಹತ್ತಿ ತೆಗೆದು, ಕಣ್ಣು ನೋಡಿ, ತುಂಬ ಚೆನ್ನಾಗಿ ಆಗಿದೆ ಅಜ್ಜಿ, ಆದರೆ ಕಣ್ಣಿಗೆ ಒಂದು ಹನಿ ನೀರು ತಾಗಬಾರದು, ಅಂತ ಹೇಳಿ ಹೋದರು.

ಅತ್ತೆ ನನ್ನನ್ನು ನೋಡಿದರು, ಫ್ಯಾನು ನೋಡಿದರು, ತಮ್ಮ ಕೈಯ ಸುಟ್ಟ ಕಲೆ ನೋಡಿದರು. ಆಮೇಲೆ, 'ಎಲ್ಲಿ ಅವರು? ಬರ್ರೀ ಇಲ್ಲಿ. ಆ ಟೋಪಿ ತೆಗೀರಿ' ಅಂದರು.

ಮಾವ ಒಳಗೆ ಬಂದು ಟೋಪಿ ತೆಗೆದು, ಪರೀಕ್ಷೆಗೆ ನಿಂತ ಹುಡುಗನ ಹಾಗೆ ನಿಂತರು. ಅತ್ತೆ ಬಹಳ ಹೊತ್ತು ನೋಡಿದರು. ಗುಳಿಬಿದ್ದ ಕೆನ್ನೆ, ಎದ್ದ ಮೂಳೆ, ದೊಗಳೆಯಾದ ಕಾಲರು. ನಾನು ತಿಂಗಳಿಗೊಂದು ಸಲ ಹೋಗಿ ಜಗಳ ಆಡಿ ಬರುತ್ತಿದ್ದವಳು, ಇದೊಂದನ್ನೂ ಗಮನಿಸಿರಲಿಲ್ಲ.

'ಅಯ್ಯೋ, ಯಾವಾಗ್ರೀ ಇಷ್ಟೊಂದು ಸೊರಗಿಹೋದ್ರಿ?'

ಮಾವ ನನ್ನ ಕಡೆ ನೋಡಿದರು, ಇಂಗ್ಲಿಷ್ ಮೇಡಮ್ಮು ಏನಾದರೂ ಸಹಾಯ ಮಾಡುತ್ತಾಳೇನೋ ಎನ್ನುವ ಹಾಗೆ. ಆಮೇಲೆ ಮೆಲ್ಲಗೆ ಅಂದರು, 'ಸಮ್ಮರ್ ಜೋರಾಗಿತ್ತು ಕಣೆ ಈ ಸಲ.'

'ಮುಗೀತಲ್ಲ, ಬಿಡಿ' ಅಂತ ಅತ್ತೆ ಅವರ ಕೈ ಹಿಡಿದುಕೊಂಡರು.

ಕಣ್ಣಿಗೆ ನೀರು ತಾಗಬಾರದು ಅಂತ ಡಾಕ್ಟರು ಹೇಳಿದ್ದು ಅತ್ತೆಗೆ. ಅತ್ತೆ ಚಾಚೂ ತಪ್ಪದೆ ಪಾಲಿಸಿದರು. ಮಾವನಿಗೆ ಯಾರೂ ಹಾಗೆ ಹೇಳಿರಲಿಲ್ಲ.